ಅಳತೆ ಕೊಟ್ಟು ಬಂದ ಅತ್ತೆ

ಭಾನುವಾರ, ೯ ಜೂನ್

ಮುದ್ದು ಗುಬ್ಬಿ,

ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ಮೊದಲು ಖರ್ಚಿನ ಬಾಬ್ತು: ಹೊಲಿಗೆ ಅಂಗಡಿಗೆ ಎರಡು ದಿನ ಬೀಗ, ನಿನ್ನ ಸೋದರತ್ತೆಯ ಗುಟ್ಟು, ನನ್ನ ಜಾಣತನ, ಜೊತೆಗೊಂದು ಸೆಟ್ಟು ಹಲ್ಲು. ಹಲ್ಲು ಲೆಕ್ಕಕ್ಕೆ ಹೇಗೆ ಬಂತೆಂದು ಕೇಳು.

"ನನ್ನ ರಕ್ತದಲ್ಲಿ ಕ್ಯಾನ್ಸರ್ ತರಬಲ್ಲ ದೋಷ ಸಿಕ್ಕಿದೆ, ವಂಶದಲ್ಲಿ ಇಳಿದದ್ದು, ಎಲ್ಲರೂ ಪರೀಕ್ಷೆ ಮಾಡಿಸಿ" ಎಂದು ನೀನು ಬರೆದೆಯಲ್ಲ, ಇಲ್ಲಿ ಯಾರೂ ಜಗ್ಗಲಿಲ್ಲ. ನಿನ್ನತ್ತೆಯಂತೂ, "ಇರಲಾರದೆ ಇರುವೆ ಬಿಟ್ಕೊಳ್ಳೋದು ಬೇಡ ಕಣೋ. ಚಿಕ್ಕವಳ ಮದುವೆ ಮಾತು ನಡೀತಿದೆ. ಹುಡುಗನ ತಾಯಿ ಕಿವಿಗೆ ಬಿದ್ರೆ ಮುಗೀತು!" ಎಂದಳು.

ನಾನು ಉಪಾಯ ಹೂಡಿದೆ. "ಪರೀಕ್ಷೆ ಅನ್ನಬೇಡಕ್ಕ, 'ಅಳತೆ ಕೊಡೋಕೆ ಹೋಗ್ತಿದ್ದೀನಿ' ಅನ್ನು. ದರ್ಜಿ ಮನೆಯವರು ಅಳತೆ ಅಂದ್ರೆ ಯಾರಿಗೆ ಅನುಮಾನ?" ಮಾತು ಮನೆಯವರಿಗೆ ಒಗ್ಗಿತು. ನಿನ್ನ ತಂಗಿ ಅಳತೆ ಕೊಟ್ಟಳು, ನಾನೂ ಕೊಟ್ಟೆ.

ನಿನ್ನತ್ತೆ ಮಾತ್ರ ಆಸ್ಪತ್ರೆಯ ಕಿಟಕಿಯಲ್ಲೂ "ಅಳತೆ ಕೊಡ್ಬೇಕಪ್ಪ" ಎಂದಳಂತೆ. ಚೀಟಿ ಬರೆಯುವವನು ಅವಳ ಬೊಚ್ಚುಬಾಯಿ ನೋಡಿ ಹಲ್ಲಿನ ವಿಭಾಗಕ್ಕೆ ಕಳಿಸಿದ. ಬಾಯಿಗೆ ಮೇಣದಂಥದ್ದೇನೋ ತುರುಕಿ ಅಚ್ಚು ತೆಗೆದರೂ, ಪದ್ಧತಿಯೇ ಹೀಗಿರಬೇಕೆಂದು ಬಾಯಿ ಅಗಲಿಸಿಕೊಂಡೇ ಕೂತಳು. "ಯಾವ ಬಣ್ಣದ ಹಲ್ಲು ಬೇಕು ಅಜ್ಜಿ?" ಎಂದು ಕೇಳಿದ್ದೇ ತಡ, ಹಜಾರಕ್ಕೆ ಬಂದು ಕೂಗಿದಳು: "ಹಲ್ಲಲ್ಲ ಕಣಪ್ಪಾ, ರಕ್ತ! ನಮ್ಮ ವಂಶದ ಕ್ಯಾನ್ಸರ್ ಪರೀಕ್ಷೆ!"

ಬೆಂಚಿನ ಮೇಲೆ ತೂಕಡಿಸುತ್ತಿದ್ದ ನಾನು ಎದ್ದು ನೋಡಿದರೆ ತಲೆಗಳೆಲ್ಲ ತಿರುಗಿವೆ. ಅದರಲ್ಲೊಂದು ಹುಡುಗನ ತಾಯಿಯದು!

ಆಕೆ ನೆಟ್ಟಗೆ ನಮ್ಮ ಬಳಿಗೇ ಬಂದರು. "ಆ ಕೋಣೆ ಎಲ್ಲಿದೆ, ನಂಗೂ ತೋರಿಸಿ. ನಮ್ಮಮ್ಮ, ತಂಗಿ ಇಬ್ರೂ ಅದರಲ್ಲೇ ಹೋದ್ರು. ಗೊತ್ತಾದ್ರೆ ನೀವು ಸಂಬಂಧ ಬೇಡ ಅಂತೀರೇನೋ ಅಂತ ಮನೇಲಿ ಸುಳ್ಳು ಹೇಳಿ ಬಂದೆ."

"ಏನಂತ?" ಎಂದಳು ನಿನ್ನತ್ತೆ.

"ಕನ್ನಡಕಕ್ಕೆ ಅಳತೆ ಕೊಡೋಕೆ ಅಂತ."

ಇಬ್ಬರೂ ಕೈ ಹಿಡಿದುಕೊಂಡು ನಕ್ಕ ನಗೆಗೆ ನರ್ಸಮ್ಮ ಬಂದು ಗದರಬೇಕಾಯಿತು. ಮದುವೆ ನಿಶ್ಚಯವಾಗಿದೆ, ಗುಬ್ಬಿ! ಈಗ "ಅಳತೆ ಕೊಟ್ರಾ?" ಎನ್ನುವುದೇ ಎರಡೂ ಮನೆಯವರ ಕುಶಲಪ್ರಶ್ನೆ.

ತಪಾಸಣೆ ತಪ್ಪಿಸಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನತ್ತೆಯಷ್ಟು ವರ್ಷ, ಅವಳಿಗಿಂತ ಹೆಚ್ಚು ಹಲ್ಲಿಟ್ಟುಕೊಂಡು ಬಾಳು.

ನಿನ್ನ
ಅಪ್ಪ

ಕಾಗದ ಮಡಿಚುವ ಮುಂಚೆ ಇನ್ನೊಂದು. ಫಲಿತಾಂಶ ಹೋದ ವಾರವೇ ಬಂತು. ನಿನ್ನತ್ತೆಗೆ ಇಲ್ಲ, ತಂಗಿಗೂ ಇಲ್ಲ. ನನಗಿದೆ. ನಿನಗೆ ಇಳಿದದ್ದು ನನ್ನಿಂದಲೇ ಕಂದಾ. ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ಆದರೂ ಬಟ್ಟೆಗೆ ಕತ್ತರಿ ಇಡುವಾಗ ಕೈ ಒಮ್ಮೊಮ್ಮೆ ನಿಂತುಬಿಡುತ್ತದೆ. ಇರಲಿ, ಲೆಕ್ಕ ಮುಗಿಸುತ್ತೇನೆ. ಬೀಗಿತ್ತಿಗೆ ಧೈರ್ಯ, ನಿನ್ನತ್ತೆಗೆ ಹಲ್ಲು, ತಂಗಿಗೆ ಗಂಡ. ನನ್ನಿಂದ ನಿನಗೆ ಮೂಗು, ಹಟ, ಮತ್ತೆ ಇದು. ನಿನ್ನಿಂದ ನನಗೆ, ತಡವಾಗುವ ಮುಂಚೆ ಸಿಕ್ಕ ಸುದ್ದಿ.