ರಾಜೀಮತಿ ಕಟ್ಟಿದ ಗಂಟು

೧೪ ನವೆಂಬರ್ ೧೯೪೧, ಶುಕ್ರವಾರ, ಮಧ್ಯಾಹ್ನ

ಆರು ಗಂಟು ಬಂದವು. ಸುವರ್ಣಮ್ಮನವರದು ಇನ್ನೂ ಇಲ್ಲ, ಯಾವಾಗಲೂ ಹೀಗೇ. ನಾಳೆ ಅರಕಲಗೂಡಿಗೂ ಚನ್ನರಾಯಪಟ್ಟಣಕ್ಕೂ ಸೆಮಿಫೈನಲ್. ನಾಡಿದ್ದು ನಮ್ಮ ಹಾಸನಕ್ಕೂ ಹೊಳೆನರಸೀಪುರಕ್ಕೂ.

ಹಾಸನಕ್ಕೆ ಅವರೆ, ಹೊಳೆನರಸೀಪುರಕ್ಕೆ ಹುರುಳಿ, ಅರಕಲಗೂಡಿಗೆ ಕಡಲೆ, ಚನ್ನರಾಯಪಟ್ಟಣಕ್ಕೆ ಹೆಸರು. ಗೆಲ್ಲುವ ಊರಿನ ಕಾಳನ್ನು, ಎಷ್ಟು ಪಾಯಿಂಟಿನಿಂದ ಗೆಲ್ಲುತ್ತದೋ ಅಷ್ಟು ಎಣಿಸಿ, ರವಿಕೆ ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ನನ್ನ ಹಿತ್ತಾಳೆ ಡಬ್ಬಿಗೆ ಹಾಕಬೇಕು. ಬರೆಯುವ ರಗಳೆ ಇಲ್ಲ. ಯಾರದೆಂದು ಬಟ್ಟೆಯೇ ಹೇಳುತ್ತದೆ. ಗೆದ್ದವಳಿಗೆ ಉಳಿದವರೆಲ್ಲ ಒಂದೊಂದು ಮೊಳ ಹೂವು. ನಮ್ಮ ಬೀದಿಯ ಹೆಂಗಸರು ಬ್ಯಾಸ್ಕೆಟ್‌ಬಾಲ್ ನೋಡಲು ಮೈದಾನಕ್ಕೆ ಹೋಗುವುದಿಲ್ಲ. ಆದರೇನು, ಡ್ರಿಲ್ ಮೇಷ್ಟರ ಹೆಂಡತಿ ನಾನಿದ್ದೇನಲ್ಲ. ಹಾಸನದ ಟೀಮು ಕಟ್ಟಿದವರು ಇವರು, ಈ ಕಾಳಿನ ಆಟ ಕಟ್ಟಿದವಳು ನಾನು.

ಹಸಿರು ಚೂರು ರಾಜೀಮತಿಯದು. ಎದುರುಮನೆ, ಪಾತ್ರೆ ಅಂಗಡಿ ಪದ್ಮರಾಜಯ್ಯನವರ ಹೆಂಡತಿ. ಲೀಗಿನಲ್ಲಿ ಎರಡು ಸಲ ಅವಳೇ ಗೆದ್ದಳು. ಮೈದಾನ ಯಾವ ದಿಕ್ಕಿಗಿದೆಯೋ ಗೊತ್ತಿರಲಾರದು. ಅದೃಷ್ಟ, ಅಷ್ಟೇ.

೧೫, ಶನಿವಾರ, ಸಂಜೆ

ಅರಕಲಗೂಡು ಗೆದ್ದಿತು. ನಾಲ್ಕು ಪಾಯಿಂಟು. ಹಸಿರು ಗಂಟು ಬಿಚ್ಚಿದೆ — ಕಡಲೆ, ನಾಲ್ಕು! ಎಲ್ಲರೂ ಹೋ ಎಂದರು. ನಾನೂ ನಕ್ಕೆ. ಹಲ್ಲು ಕಾಣುವಷ್ಟು.

ಇವರಿಗೆ ಹೇಳಿದೆ. ಹೇಳಬಾರದಿತ್ತು.

"ನೋಡ್ದೇನೇ ಹೇಳ್ತಾರಲ್ಲೇ! ಏನ್ ತಲೆ ಇರ್ಬೇಕು ಆಯಮ್ಮಂದು!"

ಮದುವೆಯಾಗಿ ಆರು ವರ್ಷವಾಯಿತು. ನನ್ನ ತಲೆಯ ಬಗ್ಗೆ ಒಂದು ಮಾತಿಲ್ಲ. ಸಾರಿನ ಉಪ್ಪಿನ ಬಗ್ಗೆ ಬೇಕಾದಷ್ಟಿದೆ. ಬೆಳಿಗ್ಗೆ ನಾನು ಕಟ್ಟಿದ ಕನಕಾಂಬರ ಈಗ ಅವಳ ಜಡೆಯಲ್ಲಿ. ನನಗೆ ಹೊಟ್ಟೆಕಿಚ್ಚು. ಇಲ್ಲಿಯೂ ಸುಳ್ಳು ಬರೆಯಲೇ?

೧೬, ಭಾನುವಾರ

ಹಾಸನ ಗೆದ್ದಿತು, ಎರಡೇ ಪಾಯಿಂಟಿನಿಂದ. ನಾನು ಅವರೆ ಒಂಬತ್ತು ಕಟ್ಟಿದ್ದೆ. ಗಂಡನ ಟೀಮಿಗೆ ಎರಡು ಕಟ್ಟಲು ಮನಸ್ಸಾದರೂ ಹೇಗೆ ಬರುತ್ತದೆ? ಅವಳಿಗೆ ಬಂತು. ಸರಿಯಾಗಿ ಎರಡು!

ಸುವರ್ಣಮ್ಮನವರು ಹೊರಡುವಾಗ ನನ್ನನ್ನು ಬಾಗಿಲ ಮರೆಗೆ ಕರೆದು, "ಅಂಗೆಲ್ಲ ತಾನಾಗೇ ಗೊತ್ತಾಗಕಿಲ್ಲ ಕಣವ್ವಾ. ಯಾರೋ ಏಳ್ಕೊಡ್ತಾವ್ರೆ" ಎಂದರು. ಎಂದು ಹೊರಟೇಹೋದರು. ಅವರಿಗೇನು.

ಯಾರು ಹೇಳಿಕೊಡುತ್ತಾರೆ? ಜೈನರ ಮನೆ, ಹೊತ್ತು ಮುಳುಗುವ ಮುಂಚೆ ಊಟ ಮುಗಿದಿರುತ್ತದೆ. ದೀಪ ಹಚ್ಚುವ ಹೊತ್ತಿಗೆ ರಾಜೀಮತಿ ಕೈ ತೊಳೆದು, ತಲೆ ಬಾಚಿ, ಜಗಲಿಯ ಮೇಲೆ. ಅದೇ ಹೊತ್ತಿಗೆ ಇವರು ಮೈದಾನದಿಂದ ಆ ಜಗಲಿ ದಾಟಿಕೊಂಡೇ ಬರಬೇಕು. ಅದೇ ಹೊತ್ತಿಗೆ ನಾನು ಒಲೆ ಊದುತ್ತಾ ಕಣ್ಣು ಒರೆಸಿಕೊಳ್ಳುತ್ತಿರುತ್ತೇನೆ...

೧೮, ಮಂಗಳವಾರ

ಇವರು ಊಟ ಸರಿಯಾಗಿ ಮಾಡುತ್ತಿಲ್ಲ. ಇವರ ಟೀಮಿನಲ್ಲಿ ಹೆಚ್ಚು ಬುಟ್ಟಿ ಹಾಕುವ ಚನ್ನಪ್ಪನಿಗೆ ಕಾಲು ಉಳುಕಿ ಊದಿದೆ. ಹೊರಗೆ ಯಾರಿಗೂ ಗೊತ್ತಾಗಬಾರದಂತೆ, ಶನಿವಾರ ಫೈನಲ್. ನನ್ನ ಹತ್ತಿರವೂ ಅಲ್ಲ, ಗೋಡೆಗೆ ಹೇಳಿಕೊಂಡ ಹಾಗೆ ಗೊಣಗಿದರು.

ಬಾವಿಯ ಹತ್ತಿರ ರಾಜೀಮತಿ. "ಏನ್ ನೀಲಕ್ಕ, ಮುಖ ಸಪ್ಪಗಿದೆ?" ಮಾತಾಡಬಾರದೆಂದೇ ಹೋಗಿದ್ದೆ. ಕೊಡ ತುಂಬುವ ತನಕ ಆಡಿದೆ. ಬಂದ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಸಂಜೆ ಜಗಲಿಯ ಕಡೆ ಕಿಟಕಿಯಿಂದ ನೋಡಿದೆ. ಇವರು ತಲೆ ತಗ್ಗಿಸಿ ದಾಟಿದರು. ನಾನು ನೋಡುತ್ತಿದ್ದೆನೆಂದು ಗೊತ್ತಿತ್ತೋ ಏನೋ.

೨೧, ಶುಕ್ರವಾರ, ದೀಪ ಹಚ್ಚಿದ ಮೇಲೆ

ಫೈನಲ್ಲಿನ ಗಂಟುಗಳು ಬಂದವು. ಹಾಸನಕ್ಕೂ ಅರಕಲಗೂಡಿಗೂ. ಹಸಿರಿನದನ್ನು ಇವತ್ತೇ ಬಿಚ್ಚಿಬಿಟ್ಟೆ. ತಪ್ಪು. ಆದರೂ ಬಿಚ್ಚಿದೆ. ಕಡಲೆ! ಆರು ಕಡಲೆ! ಹಾಸನ ಸೋಲುತ್ತದಂತೆ! ಎಷ್ಟು ಸಂತೋಷವಾಯಿತೆಂದರೆ ಹಾಗೇ ಕಟ್ಟಿಟ್ಟು ಇವರಿಗೆ ಬಿಸಿ ಅನ್ನಕ್ಕೆ ಎರಡು ಚಮಚ ತುಪ್ಪ ಹಾಕಿದೆ.

"ಆ ತಲೆ ತಲೆ ಅಂತ ಹೊಗಳ್ತಿದ್ರಲ್ಲ. ನಿಮ್ಮ ಟೀಮು ಆರು ಪಾಯಿಂಟಲ್ಲಿ ಸೋಲುತ್ತೆ ಅಂತ ಕಟ್ಟಿದಾಳೆ, ನೋಡಿ."

ಸಿಟ್ಟು ಬರುತ್ತದೆಂದುಕೊಂಡೆ. ಕಲಸಿದ ಅನ್ನ ಬಿಟ್ಟು ಎದ್ದರು. ಕೈ ತೊಳೆದರು, ಕೋಟು ಹಾಕಿಕೊಂಡರು, ಬೀದಿ ದಾಟಿದರು. ಆ ಮನೆಯ ಜಗಲಿ ಹತ್ತಿದ್ದು ಇದೇ ಮೊದಲು. ಪದ್ಮರಾಜಯ್ಯನವರು ಚಾಪೆ ಹಾಸಿದರು. ಅವಳು ಎದ್ದು ಬಾಗಿಲಲ್ಲಿ ನಿಂತಳು. ಮಾತು ಕೇಳಿಸಲಿಲ್ಲ. ಇವರು ತಲೆ ಆಡಿಸುವುದು ಮಾತ್ರ ಕಾಣುತ್ತಿತ್ತು.

ನಾನೇ ಕಳಿಸಿದೆ. ಕೈಯಾರೆ. ತುಪ್ಪ ಬಡಿಸಿ ಕಳಿಸಿದೆ.

೨೨, ಶನಿವಾರ, ಬೆಳಿಗ್ಗೆ

ನಿನ್ನೆ ರಾತ್ರಿ ಇವರು ಆ ಮನೆಯಿಂದ ಸೀದಾ ಅಡಿಗೆ ಮನೆಗೇ ಬಂದರು. ಮಣೆ ಎಳೆದುಕೊಂಡು ಕೂತರು.

"ಚನ್ನಪ್ಪನ ಕಾಲಿನ ವಿಷ್ಯ ಅವರಿಗೆ ಯಾರು ಹೇಳಿದ್ದು?"

ನಾನು ಪಾತ್ರೆ ಉಜ್ಜುತ್ತಿದ್ದೆ. ಉಜ್ಜಿದ್ದನ್ನೇ ಮತ್ತೆ ಉಜ್ಜಿದೆ.

"ನೀನೇ ಅಂತೆ. ಅರಕಲಗೂಡಿನ ಲಕ್ಕಯ್ಯ ಎಗರೋ ಎತ್ತರ, ಚನ್ನರಾಯಪಟ್ಟಣದ ಹುಡುಗರಿಗೆ ದಮ್ಮಿಲ್ಲದ್ದು, ಎಲ್ಲಾ ನೀನೇ ಬಾವಿ ಹತ್ರ ಹೇಳಿದ್ದಂತೆ. 'ನೀಲಕ್ಕ ಹೇಳಿದ್ದು ಕೇಳಿ ಕಾಳು ಎಣಿಸಿದೆ, ನಂಗೇನ್ ಗೊತ್ತು, ಅವರನ್ನೇ ಕೇಳಿ' ಅಂದ್ರು."

ಬೈಯುತ್ತಾರೆಂದು ಕಾದೆ. ಇವರು ಗಲ್ಲ ಕೆರೆದುಕೊಂಡರು. "ಹೇಳು ಮತ್ತೆ. ಚನ್ನಪ್ಪನ ಬದ್ಲು ಯಾರನ್ನ ಇಳಿಸ್ಲಿ?"

ಆರು ವರ್ಷದಲ್ಲಿ ಇವರು ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು. ಬೈರಯ್ಯ ಎಂದೆ. ಕುಳ್ಳ, ಆದರೆ ದೂರದಿಂದ ಎಸೆದದ್ದು ತಪ್ಪುವುದಿಲ್ಲ ಎಂದು ಇವರೇ ಗೋಡೆಗೆ ಎಷ್ಟು ಸಲ ಹೇಳಿಲ್ಲ. "ಆಗ್ಲಿ" ಎಂದರು.

ಸಂಜೆ

ಗೆದ್ದೆವು! ಮೂರು ಪಾಯಿಂಟು! ಬೈರಯ್ಯನದೇ ಆಟವಂತೆ. ಪದ್ಮರಾಜಯ್ಯನವರು ಬೀದಿಯಲ್ಲೇ ಕೂಗಿ ಹೇಳಿದರು — "'ಬೈರಯ್ಯನ್ನ ಇಳಿಸಿದ್ದು ನಮ್ಮ ಮನೆಯವಳ ಮಾತು ಕೇಳಿ' ಅಂತ ಮೇಷ್ಟ್ರು ಎಲ್ಲರ ಮುಂದೆ ನಿಮ್ಮನ್ನ ಹೊಗಳಿದ್ರು ಕಣಮ್ಮಾ!"

ಕಾಳಿನ ಎಣಿಕೆಯಲ್ಲಿಯೂ ಮೂರಕ್ಕೆ ಹತ್ತಿರವಿದ್ದವಳು ನಾನೇ. ಹೂವೆಲ್ಲ ನನಗೆ. ರಾಜೀಮತಿ ತಾನೇ ಮಲ್ಲಿಗೆ ಮುಡಿಸಿದಳು. "ಸೋತಿದ್ದಕ್ಕೇ ಖುಷಿ ನೀಲಕ್ಕ ನಂಗೆ" ಎಂದಳು. ನಿಜವಾಗಿಯೂ ಖುಷಿ, ಮುಖದಲ್ಲಿ ಕಾಣುತ್ತಿತ್ತು. ಒಂದಿಷ್ಟು ಹುಳಿ ಮುಖ ಮಾಡಿದ್ದರೆ ನನಗೂ ಅವಳು ಇಷ್ಟವಾಗುತ್ತಿದ್ದಳು.

ಎಲ್ಲ ತನ್ನದೇ ತಲೆ ಎಂದು ಅವಳು ಇವರ ಮುಂದೆ ಸುಮ್ಮನಿರಬಹುದಿತ್ತು. ಇರಲಿಲ್ಲ. ನನಗೆ ಬೇಕಾಗಿದ್ದು ಸಿಕ್ಕಿತು, ಅವಳ ಕೈಯಿಂದ. ಇಷ್ಟು ಒಳ್ಳೆಯವಳಾಗು ಎಂದು ಇವಳಿಗೆ ಯಾರು ಹೇಳಿದರು?

೨೬, ಬುಧವಾರ, ಸಂಜೆ

ಇವರು ದಿನವೂ ಈಗ ಅಡಿಗೆ ಮನೆಯಲ್ಲಿ ಮಣೆ ಹಾಕಿಕೊಂಡು ಕೂರುತ್ತಾರೆ. ಹೊಗೆಯಲ್ಲೇ ಮಾತು. ಬೈರಯ್ಯನನ್ನು ಕ್ಯಾಪ್ಟನ್ ಮಾಡುವುದೋ ಬೇಡವೋ ಎಂದು ಇವತ್ತು ಕೇಳಿದರು. ಮಾಡಿ ಎಂದೆ. ಕಾರಣವನ್ನೂ ಹೇಳಿದೆ. ಪೂರಾ ಕೇಳಿದರು. ತಲೆ ಆಡಿಸಿದರು. ನನಗೆ ರೊಟ್ಟಿ ಸೀದದ್ದೂ ಗೊತ್ತಾಗಲಿಲ್ಲ.

ಆಮೇಲೆ ಎದ್ದು, ಪಂಚೆ ಕೊಡವಿಕೊಂಡು, "ಯಾವುದಕ್ಕೂ ಎದುರುಮನೆ ರಾಜೀಮತಿಯವರನ್ನೂ ಒಂದ್ಮಾತು ಕೇಳ್ಕೊಂಡ್ ಬಾ" ಎಂದರು.

ಕೇಳಿಕೊಂಡು ಬರಬೇಕಂತೆ. ನಾನು. ಅವಳನ್ನು.

ಜಗಲಿಯ ಮೇಲೇ ಇದ್ದಾಳೆ, ಊಟ ಮುಗಿಸಿ. ಹೋಗುತ್ತೇನೆ. ಬೇಡ ಅಂದಳೋ, ಬೇಕು ಅಂದಳು ಎಂದು ಬಂದು ಹೇಳುತ್ತೇನೆ. ನಾನಂದ ಹಾಗೆಯೇ ಬೇಕು ಅಂದುಬಿಟ್ಟಳೋ, ಆಗ ಅದು ಅವಳ ಮಾತಾಗಿಬಿಡುತ್ತದೆ, ನನ್ನದಲ್ಲ —