ಹಿತ್ತಲ ಗೋಡೆಯ ಗುಬ್ಬಿಗಳು

ಶಿಕಾರಿಪುರ

ಮನೆ ಮಾಲೀಕರಾದ ಆನಂದಪ್ಪನವರಿಗೆ ಸಬಿಹಾ ಮಾಡುವ ನಮಸ್ಕಾರ.

ಹಕ್ಕಿಗಳಿಂದ ಹಿತ್ತಲ ಗೋಡೆ ಗಲೀಜಾಗಿರುವುದು ನಿಜ. ನೀವು ಬೇಸರಪಟ್ಟಿದ್ದು ಸರಿಯೇ.

ನಮ್ಮ ಯಜಮಾನರು ತೀರಿಕೊಂಡ ದಿನದಿಂದ ಮಗಳು ಫರ್ಹಾನಾ ಮಾತು ಬಿಟ್ಟಿದ್ದಳು. ಅವಳ ಮನಸ್ಸು ಸ್ವಲ್ಪ ಬೇರೆ ಕಡೆ ತಿರುಗಲಿ ಎಂದು ಗೋಡೆಯ ಮೇಲೆ ಗುಬ್ಬಿಗಳಿಗೆ ಅನ್ನ ಇಟ್ಟೆ. ಬರೀ ಕಾಗೆಗಳು ಬಂದವು. ಪಕ್ಕದ ಮನೆಯ ಗುಡ್ಡಮ್ಮನವರು, "ಉಪ್ಪಿನ ಅನ್ನ ಬ್ಯಾಡ್ರೀ. ಅಕ್ಕಿ ನುಚ್ಚು ಹಾಕಿ, ನೀರಿಟ್ಟು ದೂರ ಕೂತ್ಕಳ್ರಿ" ಎಂದರು. ಹಾಗೇ ಮಾಡಿದೆ.

ನಿನ್ನೆ ಬೆಳಿಗ್ಗೆ ಎರಡು ಗುಬ್ಬಿ ಬಂದವು. ಖುಷಿಯಲ್ಲಿ ಮಗಳನ್ನು ಕೂಗಿದೆ. ಅವಳು ಓಡಿಬಂದು ನನ್ನ ಬಾಯಿ ಮುಚ್ಚಿ, "ಅಮ್ಮೀ, ಮಾತಾಡಬ್ಯಾಡ, ಹಾರಿಹೋಗ್ತಾವೆ" ಅಂದಳು.

ಅವಳ ಪಕ್ಕದಲ್ಲೇ ಕೂತು ಗುಬ್ಬಿಗಳನ್ನು ನೋಡಿದೆ.

ಗೋಡೆಯನ್ನು ದಿನಾ ನಾನೇ ತೊಳೆಯುತ್ತೇನೆ. ದಯವಿಟ್ಟು ನುಚ್ಚು ಹಾಕುವುದಕ್ಕೆ ಬೇಡ ಅನ್ನಬೇಡಿ.

ಇಂತಿ,
ಸಬಿಹಾ