ಮಾಮಾ ದೊರೋತಿ ಕೊಟ್ಟ ಉಡಿ

ಫೆಲ್ಥಮ್, ಲಂಡನ್
ರವಿವಾರ, ೧೬ ನವೆಂಬರ್ ೨೦೨೫

ನನ್ನ ಅವ್ವನಿಗೆ, ಕಡಲಾಚೆಯಿಂದಲೇ ಪಾದ ಮುಟ್ಟಿ ಗುರುದೇವಿಯ ಶರಣು. ನಿನ್ನ ಪೊರೆ ಬಂದ ಕಣ್ಣಿಗೆ ಬದಲು ಈ ಕಾಗದ ಓದುವ ನೀರಜಾಗೂ ಅಕ್ಕನ ಪ್ರೀತಿ.

ಮೊಣಕಾಲಿಗೆ ಕಳಿಸಿದ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲಾ ಹೊಸದು ಹಾಳಾದೀತೆಂದು ಟ್ರಂಕಿನಲ್ಲಿ ಇಟ್ಟುಬಿಟ್ಟಿದ್ದೀಯೋ? ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ. ಇಲ್ಲಿ ಎಲ್ಲ ಸೌಖ್ಯ. ಮನೆಯ ಮೇಲೆ ಎರಡು ನಿಮಿಷಕ್ಕೊಂದು ವಿಮಾನ ಹಾಯುತ್ತದೆ. ನಿನ್ನ ಅಳಿಯ ನಿತೀಶ ರವಿವಾರವೂ ಏರ್‌ಪೋರ್ಟಿನ ಡ್ಯೂಟಿಗೆ ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬಳೇ, ಮುಂದೆ ಚಹಾ ಆರುತ್ತಿದೆ.

ಮುಂಜಾನೆ ಫೋನಿನಲ್ಲಿ ನೀನು ಮತ್ತೆ ಕೇಳಿದೆ, "ಆಕೀನ್ನ ನಿಮ್ಮಪ್ಪನ ಸುದ್ದಿ ಕೇಳಿದೇನ ಗುರವ್ವ?" ಎಂದು. ನಾನೂ ಮತ್ತೆ ಅದನ್ನೇ ಹೇಳಿದೆ: ಆಕೆಗೆ ಮರೆವು, ಇವತ್ತು ತಲೆ ನೆಟ್ಟಗಿರಲಿಲ್ಲ. ನಾಲ್ಕು ವರ್ಷದಿಂದ ನಮ್ಮಿಬ್ಬರ ರವಿವಾರ ಹೀಗೇ ನಡೆದಿದೆ.

ಏಜೆನ್ಸಿಯವರು ನನ್ನನ್ನು ಸಟನ್ನಿನ ಒಬ್ಬ ಮುದುಕಿಯ ಆರೈಕೆಗೆ ಕಳಿಸಿದ ಮೊದಲ ದಿನ, ಗೋಡೆಯ ಮೇಲಿನ ಫೋಟೋ ನೋಡಿ ಹೆಗಲ ಚೀಲ ಇಳಿಸುವುದನ್ನೇ ಮರೆತೆನೆಂದು ಹೇಳಿದ್ದೆನಲ್ಲ. ನಿನ್ನ ಟ್ರಂಕಿನ ನೀಲಿ ಬಟ್ಟೆಯ ಮೇಲೆ ಹಳದಿ ವರ್ತುಲದೊಳಗೆ ನಗುವ ಅದೇ ಮುಖ! ಮಾಮಾ ದೊರೋತಿ. ಮಾಮಾ ಅಂದರೆ ಅಲ್ಲಿಯ ಭಾಷೆಯಲ್ಲಿ ತಾಯಿ. ಹೋದ ಹೊಸತರಲ್ಲಿ ನಿನಗೂ ಅಪ್ಪನಿಗೂ ಅದು ದೊಡ್ಡ ನಗೆಯ ಮಾತಾಗಿತ್ತಂತೆ. ಆ ದೇಶದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ‘ಅಲ್ಲಿ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಅಲ್ಲಿಯ ಅಧ್ಯಕ್ಷನ ಹೆಂಡತಿ, ‘ದೇಶದ ತಾಯಿ’, ಈಗ ಇಲ್ಲಿ ಬಡವರಿಗೆ ಕೊಡುವ ಕೌನ್ಸಿಲ್ ಫ್ಲ್ಯಾಟಿನ ಮೂರನೇ ಮಹಡಿಯಲ್ಲಿ ವಾಕರ್ ಹಿಡಿದು ಓಡಾಡುತ್ತಾಳೆ. ಲಿಫ್ಟು ವಾರಕ್ಕೆರಡು ಸಲ ಕೆಡುತ್ತದೆ.

ಆಲ್ಬಮ್ಮಿನ ತುಂಬ ಆಕೆಯ ವೈಭವ. ಆಸ್ಪತ್ರೆಗೆ ರಿಬ್ಬನ್ ಕತ್ತರಿಸಿದ್ದು, ಹೆಣ್ಣುಮಕ್ಕಳಿಗೆ ಹೊಲಿಗೆ ಶಾಲೆ ತೆರೆದದ್ದು, ಪರದೇಶದ ರಾಣಿಯರ ಪಕ್ಕದಲ್ಲಿ ಕೂತದ್ದು. ಸ್ನಾನ ಮಾಡಿಸುವಾಗಲೂ ಭಾಷಣ ಮಾಡುತ್ತಾಳೆ. ಬೆನ್ನು ತಿಕ್ಕುತ್ತಿದ್ದರೆ ಎದುರಿನ ಟೈಲ್ಸಿಗೆ ಕೈ ಬೀಸುತ್ತಾಳೆ, ಸೋಪಿನ ನೊರೆ ನನ್ನ ಕಣ್ಣಿಗೆ ಬೀಳುತ್ತದೆ. ಏನು ಮಾಡೋಣ ಹೇಳು, ದೇಶದ ತಾಯಿಗೆ ಬೈಯಲಾಗುತ್ತದೆಯೇ?

ಇಲ್ಲಿಗೆ ಮೊದಲ ಹಾಳೆ ತುಂಬಿತು. ನೀರಜಾ, ಅವ್ವನಿಗೆ ಒಂದು ಗುಟುಕು ನೀರು ಕೊಡು.

ಅವ್ವಾ, ಮಾಮಾ ದೊರೋತಿ ತೀರಿಕೊಂಡು ಇಪ್ಪತ್ತಮೂರು ದಿನವಾಯಿತು. ಇವತ್ತು ಮುಂಜಾನೆ ನಾನು ಸುಳ್ಳು ಹೇಳಿದೆ. ಮೇಲೆ ಬರೆದದ್ದೂ ಸುಳ್ಳೇ. ಆಕೆಗೆ ಮರೆವು ಅನ್ನುವುದೇ ಇರಲಿಲ್ಲ. ನಾನು ಕೇಳಿದ್ದೆ, ಮೂರು ವರ್ಷದ ಹಿಂದೆಯೇ ಕೇಳಿದ್ದೆ. ಉತ್ತರವೂ ಸಿಕ್ಕಿತ್ತು.

ನೀನು ನೂರು ಸಲ ಹೇಳಿದ ಕಥೆ ನನಗೆ ಬಾಯಿಪಾಠ. ಆ ವರ್ಷ ೧೯೮೯. ಅಪ್ಪ ಅಲ್ಲಿಯ ಶಾಲೆಯಲ್ಲಿ ಗಣಿತದ ಮಲ್ಲಪ್ಪ ಮಾಸ್ತರು. ಅವರ ತರಗತಿಯಲ್ಲಿ ಯಾರೋ ಅಧ್ಯಕ್ಷನ ಫೋಟೋಕ್ಕೆ ಮಸಿ ಬಳಿದರು. ಯಾರೆಂದು ಅಪ್ಪ ಹೆಸರು ಹೇಳಲಿಲ್ಲ, ಜೀಪು ಬಂದು ಅವರನ್ನೇ ಕರೆದೊಯ್ದಿತು. ಆರು ವಾರ ಕಳೆದ ಮೇಲೆ ಒಂದು ಶುಕ್ರವಾರ ನೀನು ಮೊಲೆಗೂಸಾಗಿದ್ದ ನೀರಜಾಳನ್ನು ಎತ್ತಿಕೊಂಡು, ಎಂಟು ವರ್ಷದ ನನ್ನ ಕೈ ಹಿಡಿದು, ಅರಮನೆಯಂಥ ಆ ಬಂಗಲೆಯ ತೋಟದ ಸಾಲಿನಲ್ಲಿ ನಿಂತೆ. ಶುಕ್ರವಾರ ಮಾಮಾ ಹೆಂಗಸರ ಅರ್ಜಿ ತೆಗೆದುಕೊಳ್ಳುವ ದಿನ. ಅರ್ಜಿ ಕೊಟ್ಟವರ ಕೈಗೆ ಒಂದೊಂದು ಚೀಲ ಉಪ್ಪು. ನಿನಗೆ, ಮತ್ತಿನ್ನಿಬ್ಬರಿಗೆ ಮಾತ್ರ ಆಕೆಯ ಮುಖ ಅಚ್ಚು ಹಾಕಿದ ಮೂರು ಗಜ ನೀಲಿ ಬಟ್ಟೆ. ನೀನು ಸೆರಗೊಡ್ಡಿ ತೆಗೆದುಕೊಂಡೆ. ಸೊಂಟದ ಡಬ್ಬಿಯಿಂದ ಕುಂಕುಮ ತೆಗೆದು ಆಕೆಯ ಹಣೆಗೂ ಇಟ್ಟೆ. ಸುತ್ತಲಿನ ಹೆಂಗಸರು ನಿನ್ನನ್ನು ತಬ್ಬಿ ಅತ್ತರು. "ಪಾಪ, ಅವರಿಗೆ ಬರೇ ಉಪ್ಪು ಸಿಕ್ತು, ಅದಕ್ಕ ಅತ್ರು" ಅನ್ನುತ್ತೀ ನೀನು. ತಿಂಗಳೊಳಗೆ ನಮ್ಮನ್ನು ಧಾರವಾಡಕ್ಕೆ ಸಾಗಹಾಕಿದರು.

"ದೇಶ ಆಳಾಂವನ ಹೇಣ್ತಿ ನನ್ನ ಉಡಿ ತುಂಬ್ಯಾಳ. ಗಂಡಿಲ್ಲದಾಕಿ ಉಡಿ ಯಾರರ ತುಂಬತಾರೇನ? ನಿಮ್ಮಪ್ಪ ಬಂದ ಬರ್ತಾನ." ಈ ಒಂದು ಮಾತಿನ ಮೇಲೆ ನೀನು ಮೂವತ್ತಾರು ವರ್ಷ ಹಸಿರು ಬಳೆ ತೊಟ್ಟೆ. ಶ್ರಾವಣದ ಶುಕ್ರವಾರ ಬಂದರೆ ಆ ಬಟ್ಟೆ ಹೊರತೆಗೆದು, ಅಕ್ಕಿ ಕೊಬ್ಬರಿ ಇಟ್ಟು, ಅರಿಶಿನ ಕುಂಕುಮ ಏರಿಸುವುದನ್ನು ಒಂದು ವರ್ಷವೂ ತಪ್ಪಿಸಲಿಲ್ಲ. ಶರಣಬಸವ ಸೋದರಮಾವ ಒಮ್ಮೆ "ಅಕ್ಕಾ, ಇನ್ನ ಸಾಕು ಬಿಡು" ಅಂದದ್ದಕ್ಕೆ ಹನ್ನೊಂದು ವರ್ಷ ಅವನ ಸಂಗಡ ಮಾತು ಬಿಟ್ಟೆ.

ನಾನು ಈ ಕಥೆಯನ್ನು ಆಕೆಗೆ ಹೇಳಿದ್ದು ಒಂದು ಮಧ್ಯಾಹ್ನ, ಕಾಲುಗುರು ಕತ್ತರಿಸುತ್ತ. "ನನ್ನ ಹಣೆಗೆ ಕೆಂಪು ಹಚ್ಚಿದವಳು ನಿನ್ನ ತಾಯಿಯೇ?" ಎಂದಳು. ಅದನ್ನು ಸಂಜೆಯತನಕ ಒರೆಸಿಕೊಂಡಿರಲಿಲ್ಲವಂತೆ. ಆಮೇಲೆ ನನ್ನ ಕೈಯೊಳಗಿನಿಂದ ಪಾದ ಎಳೆದುಕೊಂಡಳು.

ಅವ್ವಾ, ಉಪ್ಪು ಕೊಟ್ಟರೆ ಗಂಡಸು ಬದುಕಿದ್ದಾನೆ, ಒಲೆ ಆರಿಸಬೇಡ ಅಂತ ಅರ್ಥವಂತೆ. ಬಟ್ಟೆ ಕೊಡುತ್ತಿದ್ದದ್ದು ವಿಧವೆಯರಿಗೆ. ಹೆಣ ಕೊಡುತ್ತಿರಲಿಲ್ಲವಲ್ಲ, ಹೆಣಕ್ಕೆ ಹೊದಿಸಬೇಕಾದ್ದನ್ನು ಹೆಂಡತಿಯೇ ಹೊದ್ದು ಅಳಲಿ ಅಂತ. ಜೈಲಿನಲ್ಲಿ ಸತ್ತವರ ಹೆಸರು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಗುರುವಾರ ಗಂಡನ ಕಚೇರಿಯಿಂದ ಪಟ್ಟಿ ಬರುತ್ತಿತ್ತು, ಸತ್ತವರ ಹೆಸರಿನ ಮುಂದೆ ಒಂದು ಗುರುತು. ಕೈಗೆ ಏನಿಡಬೇಕು ಅನ್ನುವುದಷ್ಟೇ ತನ್ನ ಕೈಯಲ್ಲಿತ್ತು, ಅಷ್ಟನ್ನಾದರೂ ಮಾಡಿದೆ ಎಂದಳು. ಅಲ್ಲಿಯ ಹೆಣ್ಣುಮಕ್ಕಳಿಗೆಲ್ಲ ಅದು ತಿಳಿದಿತ್ತಂತೆ. ಸೆರಗೊಡ್ಡಿ ತೆಗೆದುಕೊಂಡ ನಿನ್ನನ್ನು ನೋಡಿ, ಎಂಥ ಗಟ್ಟಿ ಹೆಣ್ಣು, ಒಂದು ಹನಿ ಕಣ್ಣೀರಿಲ್ಲ ಎಂದುಕೊಂಡಳಂತೆ. ಆ ಹೆಂಗಸರು ಅತ್ತದ್ದು ಉಪ್ಪಿಗಲ್ಲವ್ವಾ. ನಿನಗಾಗಿ ಅತ್ತರು.

ನನಗೆ ಎಂಥ ಸಿಟ್ಟು ಬಂತು ಅಂದರೆ, ಹೇಳಿಬಿಡುತ್ತೇನೆ ಕೇಳು. ಅದೇ ವಾರ ಆಕೆಯನ್ನು ಒದ್ದೆ ಮೈಯಲ್ಲಿ ಸ್ನಾನದ ಕುರ್ಚಿಯ ಮೇಲೆ ಕೂರಿಸಿ, ಹೀಟರ್ ಆರಿಸಿ, ಅರ್ಧ ತಾಸು ಅಡುಗೆಮನೆಯಲ್ಲಿ ಕೂತೆ. ಜನವರಿ ತಿಂಗಳು. ಕೂಗಲಿ, ಬೇಡಿಕೊಳ್ಳಲಿ ಅಂತ ಕಾದೆ. ಕೂಗಲಿಲ್ಲ. ಹೋಗಿ ನೋಡಿದರೆ ತುಟಿ ನೀಲಿಗಟ್ಟಿದ್ದವು. ಟವೆಲ್ ಕೇಳಿದಳು, ಅಷ್ಟೇ. ಮೈ ಒರೆಸುತ್ತ ನಾನೇ ಅತ್ತೆ. ನೀನು ಹೆತ್ತ ಮಗಳು ಮಾಡುವ ಕೆಲಸವೇ ಅದು? ಆಮೇಲೆ ಹಾಗೆ ಮಾಡಲಿಲ್ಲ.

ಕೆಲಸ ಯಾಕೆ ಬಿಡಲಿಲ್ಲ ಅಂತ ಕೇಳುತ್ತೀ. ಬಿಟ್ಟು ಎಲ್ಲಿಗೆ ಹೋಗಲಿ? ಅಪ್ಪ ಇಲ್ಲ ಅನ್ನುವುದು ನಮ್ಮ ಕಡೆ ಗೊತ್ತಿದ್ದದ್ದು ನನಗೊಬ್ಬಳಿಗೆ, ಇಲ್ಲಿ ಹೊರಗೆ ಆಕೆಗೊಬ್ಬಳಿಗೆ. ಆಕೆಯ ಮುಂದೆ ಮಾತ್ರ ನಾನು ಸುಳ್ಳು ಹೇಳಬೇಕಿರಲಿಲ್ಲ. ಅಪ್ಪನ ಹುಟ್ಟುಹಬ್ಬಕ್ಕೆ ಹೋಳಿಗೆ ಮಾಡಿ ಡಬ್ಬಿಯಲ್ಲಿ ಒಯ್ದರೆ ಇಬ್ಬರೂ ಕೂತು ತಿನ್ನುತ್ತಿದ್ದೆವು. ಇದನ್ನು ಕ್ಷಮಿಸುತ್ತೀಯೋ ಇಲ್ಲವೋ ತಿಳಿಯದು.

ಸೆಪ್ಟೆಂಬರಿನಲ್ಲಿ ಆ ಬಟ್ಟೆ ಕಳಿಸಿಕೊಡು ಅಂತ ನಿನ್ನನ್ನು ಕೇಳಿದ್ದು ಆಕೆಗಾಗಿ. ಗಂಡನ ಸರ್ಕಾರ ಬಿದ್ದಾಗ ಆ ಮುಖವಿದ್ದ ಬಟ್ಟೆಯನ್ನೆಲ್ಲ ಬೀದಿಯಲ್ಲಿ ಸುಟ್ಟರಂತೆ, ಆಕೆಯ ಹತ್ತಿರ ಒಂದು ಗೇಣೂ ಉಳಿದಿರಲಿಲ್ಲ. ಸತ್ತ ಮೇಲೆ ಅದನ್ನು ಹೊದಿಸು ಅಂದಿದ್ದಳು. "ನನ್ನ ಮುತ್ತೈದಿತನಾನ ಕೇಳ್ತೀಯಲ್ಲ, ನಾಚಿಕಿ ಬರೂದಿಲ್ಲೇನ ನಿನಗ?" ಅಂತ ನೀನು ಫೋನಿಟ್ಟೆ. ಅದನ್ನು ಆಕೆಗೆ ಹೇಳಿದೆ. ಅದು ನಿನ್ನ ತಾಯಿಯದೇ, ಅವಳಲ್ಲೇ ಇರಲಿ ಎಂದಳು.

ಹೆಣವನ್ನು ಅಲ್ಲಿಗೆ ತರಿಸಿಕೊಳ್ಳಲು ಆ ದೇಶ ಒಪ್ಪಲಿಲ್ಲ. ಸಾವಿರಾರು ಜನ ಚಪ್ಪಾಳೆ ತಟ್ಟುತ್ತಿದ್ದವಳ ಮಣ್ಣಿಗೆ ಆರು ಜನ ಇದ್ದೆವು. ನಾನು ಗುಂಡಿ ಹೊಲಿದುಕೊಟ್ಟಿದ್ದ ಕಂದು ಕಾರ್ಡಿಗನ್ನಿನಲ್ಲೇ ಹೋದಳು. ಸ್ಮಶಾನದವನು ನೀನು ಆಕೆಯ ಮಗಳೇ ಎಂದು ಕೇಳಿದ. ಹೌದು ಅಂದುಬಿಟ್ಟೆ ಅವ್ವಾ.

ಅಪ್ಪ ಬರುವುದಿಲ್ಲ. ನೀನು ಆ ಸಾಲಿನಲ್ಲಿ ನಿಂತ ದಿನವೇ ಅವರು ಇರಲಿಲ್ಲ. ಟ್ರಂಕು ತೆಗೆದು ಆ ಬಟ್ಟೆಯನ್ನು ಒಮ್ಮೆ ಮೈತುಂಬ ಹೊದ್ದುಕೋ, ಅತ್ತುಬಿಡು. ಬಳೆ ಕೈಯಲ್ಲೇ ಇರಲಿ, ಅದನ್ನು ತೆಗೆ ಅನ್ನುವ ಅಧಿಕಾರ ಯಾರಿಗೂ ಇಲ್ಲ. ಮೊಣಕಾಲಿಗೆ ಪಟ್ಟಿ ಕಟ್ಟಿಕೋ.

ನಿನ್ನ ತಪ್ಪಿತಸ್ಥ ಮಗಳು,
ಗುರುದೇವಿ

ತಾ.ಕ.: ನೀರಜಾ, ಕವರನ್ನು ಮನೆಗೆ ಹಾಕದೆ ನೀನು ಕಲಿಸುವ ಶಾಲೆಯ ವಿಳಾಸಕ್ಕೆ ಯಾಕೆ ಹಾಕಿದಳು ಅಕ್ಕ ಅಂತ ಈಗ ನಿನಗೆ ತಿಳಿದಿರಬೇಕು. ಅವ್ವನಿಗೆ ಮೊದಲ ಹಾಳೆ ಮಾತ್ರ ಓದು, ಉಳಿದದ್ದನ್ನು ಒಲೆಗೆ ಹಾಕು. ಹೇಳಿಯೇಬಿಡುತ್ತೇನೆ ಅಂತ ಪೆನ್ನು ಹಿಡಿದವಳು ನಾನು, ಆದರೆ ಅವ್ವನ ಮುಖ ನೆನಪಾದರೆ ಕೈ ಬರುವುದಿಲ್ಲ. ನಿನಗೆ ಅಪ್ಪನ ಮುಖವೂ ಗೊತ್ತಿಲ್ಲ, ನಿನ್ನ ತಲೆಯ ಮೇಲೆ ಇದನ್ನು ಹೊರಿಸಿದ್ದು ಪಾಪವೇ. ಆದರೆ ಆಕೆ ಹೋದ ಮೇಲೆ ಇದು ಗೊತ್ತಿದ್ದವಳು ನಾನೊಬ್ಬಳೇ ಉಳಿದಿದ್ದೆ, ತಡೆಯಲಾಗಲಿಲ್ಲ. ಮುಂದಿನ ರವಿವಾರ ಅವ್ವ ಫೋನಿನಲ್ಲಿ ಕೇಳಿದರೆ, ಮಾಮಾಗೆ ನೆಗಡಿ, ಮಲಗಿದ್ದಾಳೆ ಅನ್ನುತ್ತೇನೆ. ನೀನು ಪಕ್ಕದಲ್ಲೇ ಇರುತ್ತೀಯಲ್ಲ, ಹೂಂ ಅನ್ನು.